ಲೆನ್ಸ್ ಬರುತ್ತೆ, ಚೀಟಿ ಎಲ್ಲಿ?

ಕೆ.ಆರ್.ಪೇಟೆಗಾಗಲಿ ನಾಗಮಂಗಲಕ್ಕಾಗಲಿ ಈಗ ಕೊರಿಯರ್‌ನಲ್ಲಿ ಬಾರದ ವಸ್ತು ಇಲ್ಲ. ಮೊಬೈಲ್ ಕವರ್, ಶೂ ಬಂದ ಹಾಗೇ ಕಾಂಟ್ಯಾಕ್ಟ್ ಲೆನ್ಸೂ ಬರುತ್ತೆ. ನಮ್ಮ ಕ್ಲಾಸಿನಲ್ಲಿ ಲೆನ್ಸ್ ಹಾಕೋರು ಬಹುತೇಕ ಆನ್‌ಲೈನ್‌ನಲ್ಲೇ ತರಿಸೋದು. ಅದು ತಪ್ಪು ಅಂತ ಹೇಳೋಕೆ ನಾನು ಇದನ್ನ ಬರೀತಿಲ್ಲ. ತಾಲ್ಲೂಕು ಕೇಂದ್ರದ ಅಂಗಡಿಯಲ್ಲಿ ಮೈನಸ್ 5ರ ಲೆನ್ಸ್ ಕೇಳಿದರೆ "ತರಿಸಿಕೊಡ್ತೀವಿ, ಅಡ್ವಾನ್ಸ್ ಕೊಟ್ಟಿರಿ" ಅಂತಾರೆ. ಅವರೂ ತರಿಸೋದೇ, ನಾವೂ ತರಿಸೋದೇ. ನನ್ನ ತಕರಾರು ಇರೋದು ಆರ್ಡರ್ ಮಾಡುವಾಗ ನಾವು ತುಂಬುವ ನಂಬರಿನ ಬಗ್ಗೆ. ಅದು ಎಲ್ಲಿಂದ ಬಂತು?

ಬಹಳ ಜನ ಕನ್ನಡಕದ ಚೀಟಿ ನೋಡಿ ತುಂಬ್ತಾರೆ. ಅದೂ ಪಿಯುಸಿಯಲ್ಲಿದ್ದಾಗ ಮಾಡಿಸಿದ್ದು. ಕನ್ನಡಕ ಕಣ್ಣಿನಿಂದ ಸುಮಾರು 12 ಮಿಲಿಮೀಟರ್ ದೂರ ಕೂತಿರುತ್ತೆ, ಲೆನ್ಸ್ ಕಣ್ಣಿನ ಮೇಲೇ ಕೂರುತ್ತೆ. ಆ ದೂರ ಹೋದರೆ ಪವರ್ ಬದಲಾಗಬೇಕು. ಕನ್ನಡಕದಲ್ಲಿ ಮೈನಸ್ 3 ಇದ್ದರೆ ವ್ಯತ್ಯಾಸ ಲೆಕ್ಕಕ್ಕಿಲ್ಲ. ಮೈನಸ್ 6 ಇದ್ದರೆ? 6ನ್ನು 1.072ರಿಂದ ಭಾಗಿಸಿ: 5.6 ಬರುತ್ತೆ. ಅಂದರೆ ಸಿಗೋ ಲೆನ್ಸ್‌ಗಳಲ್ಲಿ ಹತ್ತಿರದ್ದು ಮೈನಸ್ 5.50. ಕನ್ನಡಕದ ಚೀಟಿ ನೋಡಿ ಮೈನಸ್ 6ನ್ನೇ ತರಿಸಿದೋರು ಜಾಸ್ತಿ ಪವರ್ ಹಾಕಿಕೊಂಡು, ರಾತ್ರಿಯೆಲ್ಲ ಕೋಡಿಂಗ್ ಮಾಡಿ, ತಲೆನೋವಿಗೆ ಟೀ ಕುಡೀತಾರೆ.

ಪವರ್ ಒಂದೇ ಆದರೆ ಹೇಗೋ ಸರಿಹೋದೀತು. ಲೆನ್ಸ್ ಡಬ್ಬಿಯ ಮೇಲೆ ಇನ್ನೆರಡು ಸಂಖ್ಯೆ ಇರುತ್ತವೆ: 8.6, 14.2 ಅಂತ. ಮೊದಲನೆಯದು ಬೇಸ್ ಕರ್ವ್, ಲೆನ್ಸಿನ ಒಳಬಾಗು ಎಷ್ಟು ಅನ್ನೋದು. ಎರಡನೆಯದು ಅಗಲ. ಎರಡೂ ಮಿಲಿಮೀಟರಿನಲ್ಲಿ. ಇವು ಕನ್ನಡಕದ ಚೀಟಿಯಲ್ಲಿ ಇರೋದೇ ಇಲ್ಲ, ಯಾಕಂದ್ರೆ ಕನ್ನಡಕಕ್ಕೆ ಬೇಕಿಲ್ಲ. ಬಿಗಿಯಾದ ಲೆನ್ಸ್ ಮೊದಲ ದಿನ ಹಿತವಾಗೇ ಇರುತ್ತೆ, ಅದೇ ಮೋಸ. ಕಣ್ಣಿನ ಮುಂದಿನ ಪಾರದರ್ಶಕ ಪರದೆ ಕಾರ್ನಿಯಾಗೆ ರಕ್ತನಾಳ ಇಲ್ಲ. ಅದು ಆಮ್ಲಜನಕವನ್ನ ಹೆಚ್ಚಾಗಿ ಗಾಳಿಯಿಂದಲೇ ಎಳೆದುಕೊಳ್ಳಬೇಕು. ಲೆನ್ಸ್ ಪ್ರತಿ ಸಲ ರೆಪ್ಪೆ ಬಡಿದಾಗ ಚೂರು ಸರಿದಾಡಿದರೆ ಅಡಿಯಲ್ಲಿ ಕಣ್ಣೀರು ಹರಿಯುತ್ತೆ, ಕಚ್ಚಿಕೊಂಡರೆ ಇಲ್ಲ. ಇದನ್ನ ಕಣ್ಣಿಗೆ ಹಾಕಿಸಿ ಮೈಕ್ರೋಸ್ಕೋಪಿನಲ್ಲಿ ನೋಡಿಯೇ ಹೇಳಬೇಕು. (ಮೆದು ಲೆನ್ಸನ್ನ 1961ರ ಕ್ರಿಸ್‌ಮಸ್‌ನಲ್ಲಿ ಒಟ್ಟೊ ವಿಖ್ಟರ್ಲೆ ಎಂಬ ಜೆಕ್ ವಿಜ್ಞಾನಿ ಮನೆಯಲ್ಲೇ, ಮಕ್ಕಳ ಆಟದ ಕಿಟ್ ಮತ್ತು ಸೈಕಲ್ ಡೈನಮೋ ಜೋಡಿಸಿದ ಯಂತ್ರದಲ್ಲಿ ಮಾಡಿದ. ನಮ್ಮ ಮಿನಿ ಪ್ರಾಜೆಕ್ಟ್‌ಗಳು ಯಾಕೆ ಹೀಗಿರಲ್ಲ ಅನ್ನೋದು ಬೇರೆ ಬರಹಕ್ಕೆ ವಿಷಯ.)

ಅಮೆರಿಕದಲ್ಲಿ 2003ರಲ್ಲೇ ಕಾನೂನು ಮಾಡಿದರು. ಫಿಟಿಂಗ್ ಮುಗಿದ ಮೇಲೆ ರೋಗಿ ಕೇಳಲಿ ಬಿಡಲಿ, ಲೆನ್ಸ್ ಚೀಟಿ ಅವರ ಕೈಗೆ ಕೊಡಲೇಬೇಕು. ಮಾರುವವರು ಅದನ್ನ ಪರಿಶೀಲಿಸಬೇಕು. ಅದರಲ್ಲೂ ಒಂದು ಸಂದಿ ಇದೆ: ವೈದ್ಯರು ಕೆಲಸದ 8 ಗಂಟೆಯೊಳಗೆ ಉತ್ತರಿಸದಿದ್ದರೆ ಸರಿ ಅಂತಲೇ ಲೆಕ್ಕ. ಆದರೂ ಮೊದಲ ಅರ್ಧ ನನಗೆ ತುಂಬಾ ಇಷ್ಟ. ಚೀಟಿ ನಮ್ಮ ಸ್ವತ್ತು, ಎಲ್ಲಿ ಬೇಕಾದರೂ ಕೊಳ್ಳಬಹುದು. ನಮ್ಮ ದೇಶದಲ್ಲೂ ಲೆನ್ಸ್ ಕಾನೂನಿನ ಪ್ರಕಾರ ವೈದ್ಯಕೀಯ ಸಾಧನವೇ. ಆದರೆ ಎಷ್ಟೋ ಕಡೆ ಪವರ್ ಒತ್ತಿ, ಯುಪಿಐ ಮಾಡಿದರೆ ಮುಗೀತು. ಇತ್ತ ಪರೀಕ್ಷೆ ಮಾಡಿದ ಅಂಗಡಿಯವರು ಬೇಸ್ ಕರ್ವ್ ಬರೆದುಕೊಡಲು ಹಿಂದೇಟು ಹಾಕ್ತಾರೆ, ಗಿರಾಕಿ ಕೈತಪ್ಪುತ್ತೆ ಅಂತ. ಕೇಳದೆ ಮಾರುವವರು ಒಂದು ಕಡೆ, ಕೇಳಿದರೂ ಕೊಡದವರು ಇನ್ನೊಂದು ಕಡೆ. ಪರೀಕ್ಷೆಗೆ ದುಡ್ಡು ಕೊಡಿ, ಬರಹದಲ್ಲಿ ಚೀಟಿ ಕೇಳಿ, ಆಮೇಲೆ ಎಲ್ಲಿ ಅಗ್ಗವೋ ಅಲ್ಲಿ ತಗೊಳ್ಳಿ.

ಫಿಟಿಂಗ್‌ಗೆ ಹೋದರೆ ಇನ್ನೊಂದು ಲಾಭ, ಹಾಕೋದು ತೆಗೆಯೋದು ಕಲಿಸ್ತಾರೆ. ಡಬ್ಬಿಯಲ್ಲಿ ಬರೋ ಸಣ್ಣ ಅಕ್ಷರದ ಕಾಗದ ಯಾರು ಓದ್ತಾರೆ? ಶ್ರೀರಂಗಪಟ್ಟಣದ ಸ್ನಾನಘಟ್ಟದಲ್ಲಿ ಲೆನ್ಸ್ ಹಾಕಿಕೊಂಡೇ ಮುಳುಗು ಹಾಕೋರು, ಹಾಸ್ಟೆಲ್ ಟ್ಯಾಂಕಿನ ನೀರಲ್ಲಿ ಲೆನ್ಸ್ ತೊಳೆಯೋರು ನಮ್ಮಲ್ಲೇ ಇದ್ದಾರೆ. ಹೊಳೆಯಲ್ಲೂ ನಲ್ಲಿಯಲ್ಲೂ ಇರಬಹುದಾದ ಅಕಾಂತಮೀಬ ಅನ್ನೋ ಜೀವಿ ಲೆನ್ಸ್ ಅಡಿ ಸೇರಿದರೆ ಕಾರ್ನಿಯಾವನ್ನೇ ತಿನ್ನುತ್ತೆ, ತಿಂಗಳುಗಟ್ಟಲೆ ಚಿಕಿತ್ಸೆ. ಲೆನ್ಸ್ ಹಾಕಿ ಮಲಗೋದೂ ಅಷ್ಟೇ, ಸೋಂಕಿನ ಅಪಾಯ ಆರೇಳು ಪಟ್ಟು.

ಪವರ್ ಇಲ್ಲದ ಬಣ್ಣದ ಲೆನ್ಸ್‌ಗೆ ಚೀಟಿ ಯಾಕೆ ಅಂತೀರಾ? ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಕಲ್ಯಾಣಿ ಮುಂದೆ ಪ್ರೀ-ವೆಡ್ಡಿಂಗ್ ಶೂಟ್‌ಗೆ ಬರೋ ಜೋಡಿಗಳನ್ನ ನೋಡಿ. ಕಣ್ಣು ಬೂದು, ಹಸಿರು. ಕಾರ್ನಿಯಾಗೆ ಅದು ಬಣ್ಣದ್ದೋ ಪವರಿನದೋ ಗೊತ್ತಾಗಲ್ಲ, ಬಿಗಿ ಅನ್ನೋದಷ್ಟೇ ಗೊತ್ತಾಗುತ್ತೆ. ಅಮೆರಿಕದಲ್ಲಿ 2005ರಿಂದ ಇದಕ್ಕೂ ಚೀಟಿ ಬೇಕು. ಅದರಲ್ಲೂ ಮೇಕಪ್ ಮಾಡೋರ ಕಿಟ್‌ನಿಂದ ಎರವಲು ತಂದ ಲೆನ್ಸ್ ಅಂದ್ರೆ ಬೇರೆಯವರ ಸೋಂಕನ್ನೂ ಎರವಲು ತಂದ ಹಾಗೆ.

2021ರಲ್ಲಿ ಪುನೀತ್ ರಾಜ್‌ಕುಮಾರ್ ಹೋದಾಗ ಅವರ ಎರಡು ಕಾರ್ನಿಯಾಗಳನ್ನು ಪದರ ಬಿಡಿಸಿ ನಾಲ್ಕು ಜನಕ್ಕೆ ಕಸಿ ಮಾಡಿದರು. ಆಮೇಲೆ ನಮ್ಮೂರುಗಳಲ್ಲೂ ಎಷ್ಟೋ ಹುಡುಗರು ನೇತ್ರದಾನಕ್ಕೆ ಹೆಸರು ಬರೆಸಿದರು. ಸೋಂಕಿನಿಂದ ಕಲೆಯಾದ ಕಾರ್ನಿಯಾಗೂ ಕೊನೆಗೆ ಅದೇ ದಾನ ಬೇಕಾಗಬಹುದು. ಕಾಯುವವರ ಸಾಲಿಗೆ ಇನ್ನೂರು ರೂಪಾಯಿ ಉಳಿಸೋಕೆ ಹೋಗಿ ಸೇರೋದು ಸರಿ ಅನ್ನಿಸಲ್ಲ.

ಮಂಡ್ಯದ ಮಿಮ್ಸ್, ನಾಗಮಂಗಲ ತಾಲ್ಲೂಕಿನ ಬಿ.ಜಿ.ನಗರದ ಆದಿಚುಂಚನಗಿರಿ ಆಸ್ಪತ್ರೆ, ಮೈಸೂರಿನ ಕೆ.ಆರ್.ಆಸ್ಪತ್ರೆ, ಇವೆಲ್ಲ ಬಸ್ ದೂರದಲ್ಲೇ ಇವೆ. ಅಲ್ಲಿ ಕಣ್ಣಿನ ವಿಭಾಗಕ್ಕೆ ಹೋಗಿ, "ಕನ್ನಡಕಕ್ಕಲ್ಲ, ಲೆನ್ಸ್‌ಗೆ" ಅಂತ ಬಿಡಿಸಿ ಹೇಳಿ. ಅಲ್ಲಿ ಆಗದಿದ್ದರೆ ಯಾರ ಹತ್ತಿರ ಆಗುತ್ತೆ ಅಂತ ಕೇಳಿ. ಕಣ್ಣು ಕೆಂಪಾಗಿ ನೋವು ಬಂದರೆ ಲೆನ್ಸ್ ತೆಗೀರಿ, ಮೆಡಿಕಲ್ ಸ್ಟೋರಿನಲ್ಲಿ ಕೊಡೋ ಸ್ಟೀರಾಯ್ಡ್ ಡ್ರಾಪ್ಸ್ ಮಾತ್ರ ಹಾಕಬೇಡಿ, ಸೋಂಕು ಅದರಿಂದ ಇನ್ನೂ ಬೆಳೆಯಬಹುದು. ತೆಗೆದ ಲೆನ್ಸನ್ನೂ ಅದರ ಡಬ್ಬಿಯನ್ನೂ ಎಸೆಯದೆ ಡಾಕ್ಟರ ಹತ್ತಿರ ತಗೊಂಡು ಹೋಗಿ. ಯಾವ ಸೋಂಕು ಅಂತ ಲ್ಯಾಬಿನಲ್ಲಿ ಪತ್ತೆ ಮಾಡೋಕೆ ಅವು ಬೇಕಾಗುತ್ತವೆ.