ಅನುಭವ ಎಲ್ಲಿಂದ ತರುವುದು ಸ್ವಾಮಿ?



ನಮ್ಮ ಸಪ್ಲೈಯರ್ ಒಬ್ಬರ ಮಗಳು ಉಸ್ಮಾನಿಯಾದಲ್ಲಿ ಗ್ರಂಥಾಲಯ ವಿಜ್ಞಾನ ಓದಿ ಪಾಸಾಗಿದ್ದಾಳೆ. ಒಂದು ವರ್ಷದಿಂದ ಕೆಲಸಕ್ಕಾಗಿ ಹೈದರಾಬಾದೆಲ್ಲ ಅಲೆಯುತ್ತಿದ್ದಾಳೆ. ಹೋದಲ್ಲೆಲ್ಲ ಒಂದೇ ಮಾತು: ‘ಎರಡು ವರ್ಷದ ಅನುಭವ ಬೇಕು.’ ಕೆಲಸ ಕೊಡದೆ ಅನುಭವ ಕೇಳುವ ಈ ನ್ಯಾಯ ಯಾವ ಊರಿನದು? ನೀರಿಗಿಳಿಯದೆ ಈಜು ಬಂದೀತೇ?

ನಾವು ಏಳನೆಯ ತರಗತಿ ಮುಗಿಸಿ ಇಲ್ಲಿಗೆ ಬಂದಾಗ ನಾಲ್ಕು ಲೋಟ ಒಟ್ಟಿಗೆ ಹಿಡಿಯಲೂ ಬರುತ್ತಿರಲಿಲ್ಲ. ಧಣಿಗಳು ಅನುಭವ ಕೇಳಲಿಲ್ಲ. ಮೇಜು ಒರೆಸಿದೆವು, ತಟ್ಟೆ ಎತ್ತಿದೆವು, ಆಮೇಲೆ ಸಪ್ಲೈ, ಆಮೇಲೆ ಗಲ್ಲಾ. ಧಣಿಗಳ ಗುಣಗಾನಕ್ಕೆ ಇದನ್ನು ಹೇಳುತ್ತಿಲ್ಲ. ಅವರು ಕೊಟ್ಟ ಸಂಬಳ ನಮಗೆ ಗೊತ್ತು. ಆದರೆ ಕೆಲಸ ಕೊಟ್ಟರೇ ಕೈ ಪಳಗುವುದು ಎಂಬಷ್ಟು ತಿಳಿವಳಿಕೆ ಅವರಿಗಿತ್ತು. ಗಿರಣಿಯಲ್ಲಿ ಬದಲಿ ನಿಂತವನಿಗೂ ಆ ದಿನದ ಹಾಜರಿ ಬೀಳುತ್ತಿತ್ತು.

ದೊಡ್ಡವರ ಉದಾಹರಣೆ ಬೇಕೆನ್ನುವವರು ಎಸ್. ಆರ್. ರಂಗನಾಥನ್ ಅವರದನ್ನು ಕೇಳಲಿ. 1924ರಲ್ಲಿ ಮದರಾಸು ವಿಶ್ವವಿದ್ಯಾಲಯವು ಅವರನ್ನು ಗ್ರಂಥಪಾಲರನ್ನಾಗಿ ನೇಮಿಸಿದಾಗ ಅವರು ಗಣಿತದ ಮೇಷ್ಟ್ರು. ಗ್ರಂಥಾಲಯದ ತರಬೇತಿ ಇರಲಿಲ್ಲ. ನೇಮಿಸಿದ ಮೇಲೆ ಲಂಡನ್ನಿಗೆ ಕಳಿಸಿ ಕಲಿಸಿದರು. 1931ರಲ್ಲಿ ಪುಸ್ತಕವಾಗಿ ಬಂದ ಅವರ ಐದು ಸೂತ್ರಗಳನ್ನೇ ನಮ್ಮ ಹುಡುಗಿ ಪರೀಕ್ಷೆಗೆ ಬಾಯಿಪಾಠ ಮಾಡಿದ್ದು. ಇಂದಿನ ಜಾಹೀರಾತಿನಂತೆ ನಡೆದಿದ್ದರೆ ರಂಗನಾಥನ್ನರ ಅರ್ಜಿ ಕಸದ ಬುಟ್ಟಿಗೆ ಬೀಳುತ್ತಿತ್ತು.

ಹಣವಿಲ್ಲ ಎನ್ನುವ ಮಾತೂ ಬೇಡ. ಅಂದು ಆಂಧ್ರಪ್ರದೇಶ ಮಾಡಿದ, ತೆಲಂಗಾಣ ಮುಂದುವರಿಸಿದ 1960ರ ಗ್ರಂಥಾಲಯ ಕಾಯಿದೆಯಂತೆ ಆಸ್ತಿ ತೆರಿಗೆಯ ರೂಪಾಯಿಗೆ 8 ಪೈಸೆ ಗ್ರಂಥಾಲಯ ಕರ. ನಮ್ಮ ಖೋಲಿ ಬಾಡಿಗೆಯಲ್ಲೂ ಅದು ಸೇರಿದೆ. ಆ ಪೈಸೆಯಿಂದ ಹೊಸಬರಿಗೆ ಸಂಬಳದ ಮೊದಲ ವರ್ಷ ಕೊಡಿರೆಂದು ಕೇಳುವ ಹಕ್ಕು ನಮಗಿದೆ.

ಬೇರೆಯವರನ್ನು ಬೈದದ್ದು ಸಾಕು. ನಮ್ಮ ಸಂಘದ ಕಪಾಟಿನಲ್ಲಿ ಮುನ್ನೂರು ಕನ್ನಡ ಪುಸ್ತಕಗಳಿಗೆ ಧೂಳು ಹಿಡಿದಿತ್ತು. ಅದೇ ಹುಡುಗಿಯನ್ನು ಕರೆದು, ‘ಬಿಡುವಾದಾಗ ಜೋಡಿಸಿಕೊಡಮ್ಮ, ಕನ್ನಡದ ಸೇವೆ’ ಎಂದವರು ನಾವೇ. ಎರಡು ತಿಂಗಳು ಬಂದಳು. ಬಸ್ ಚಾರ್ಜೂ ಕೊಡಲಿಲ್ಲ. ಅನುಭವದ ಪತ್ರ ಕೇಳಿದಾಗ ‘ಅದು ಕೆಲಸವೇ ಅಲ್ಲವಲ್ಲ’ ಎಂದೆವು! ಓವರ್‌ಟೈಮ್ ಕೂಲಿಗೆ ಬಾವುಟ ಹಿಡಿಯುವ ನಮ್ಮ ಬಾಯಲ್ಲಿ ಈ ಮಾತು.

ಬರುವ ಭಾನುವಾರದ ಸಭೆಯಲ್ಲಿ ನಾವು ಕೇಳುವುದು ಇಷ್ಟು: ಸಂಘದಲ್ಲಿ ಅರ್ಧ ದಿನದ ಗ್ರಂಥಪಾಲಕಿಯ ಕೆಲಸ, ತಿಂಗಳ ಸಂಬಳ, ಹಾಜರಿ ಪುಸ್ತಕ, ಮೊಹರು ಹಾಕಿದ ಪತ್ರ. ಹಿಂದಿನ ಎರಡು ತಿಂಗಳ ಬಾಕಿ ಮೊದಲು. ರಾಜ್ಯೋತ್ಸವದ ಪೆಂಡಾಲಿನ ಖರ್ಚು ಒಂದು ಸಲ ಕಡಿಮೆಯಾದರೆ ಕನ್ನಡಾಂಬೆ ಮುನಿಯುವುದಿಲ್ಲ. ಕಾರ್ಯದರ್ಶಿಗಳು ಕಪಾಟಿನ ಬೀಗದ ಕೈ ಮರೆಯದೆ ತರಲಿ.