ನೊರೆಯ ಹುಚ್ಚು

ಮಕ್ಕಳೇ, ನಿಮ್ಮಲ್ಲಿ ಕೆಲವರಿಗೆ ಅಂಚೆಚೀಟಿ ಕೂಡಿಡುವ ಹುಚ್ಚು. ನನಗೆ ಗಡ್ಡ ಹೆರೆದುಕೊಳ್ಳುವ ಹುಚ್ಚು! ನಗಬೇಡಿ. ಐದು ನಿಮಿಷದ ಕೆಲಸಕ್ಕೆ ನನಗೆ ಅರ್ಧ ಗಂಟೆ ಬೇಕು.

ಬ್ರಷ್ಷನ್ನು ಬಿಸಿನೀರಲ್ಲಿ ನೆನೆಸಿ, ಬಟ್ಟಲಿನ ಸೋಪಿನ ಮೇಲೆ ಗರಗರ ತಿರುಗಿಸಬೇಕು. ಮೊದಲು ಬರುವುದು ಬರೀ ಗುಳ್ಳೆ. ಹನಿಹನಿ ನೀರು ಸೇರಿಸುತ್ತಾ ತಿರುಗಿಸಿದರೆ ಗಟ್ಟಿ ಮೊಸರಿನಂಥ ನೊರೆ. ಬಿಸಿನೀರು ಕುಡಿದ ಕೂದಲು ಮೆತ್ತಗಾಗುತ್ತದೆ, ನೊರೆಯ ಮೇಲೆ ಬ್ಲೇಡು ಸಲೀಸಾಗಿ ಜಾರುತ್ತದೆ. ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ 1904ರಲ್ಲಿ ಪೇಟೆಂಟ್ ಪಡೆದರಲ್ಲ, ಬ್ಲೇಡು ಬದಲಿಸುವ ರೇಜರು, ಅದರ ವಂಶದ್ದೇ ನನ್ನದೂ. ಒತ್ತಬಾರದು, ಅದರ ಭಾರವೇ ಸಾಕು. ಕೂದಲು ಬೆಳೆದ ದಿಕ್ಕಿಗೇ ಎಳೆಯಬೇಕು. ಕೊನೆಗೆ ತಣ್ಣೀರು, ಪಟಿಕದ ತುಂಡು. ಚುರ್ ಎನ್ನುತ್ತದೆ! ಅದಕ್ಕಾಗಿಯೇ ಮರುದಿನ ಬೆಳಗಾಗುವುದನ್ನು ಕಾಯುತ್ತೇನೆ.

ಈಚೆಗೆ ನನ್ನ ಬಲಗೈ ನಡುಗುತ್ತಿದೆ. ಮಗ ಬ್ಯಾಟರಿಯ ಯಂತ್ರ ತಂದಿಟ್ಟಿದ್ದಾನೆ. ಒಳ್ಳೆಯದೇ, ಆದರೆ ಸೋಪಿನ ಘಮವಿಲ್ಲ. ಭಾನುವಾರ ಮಾತ್ರ ಹಳೆಯ ಕ್ರಮ. ನೊರೆ ಎಬ್ಬಿಸುವುದು ಆರನೇ ತರಗತಿಯ ಮೊಮ್ಮಗಳು (ಬ್ಲೇಡು ಮುಟ್ಟುವಂತಿಲ್ಲ ಎಂಬ ಕರಾರಿದೆ), ರೇಜರು ಹಿಡಿಯುವುದು ಮಗ. "ಅಪ್ಪಾ, ಅಲ್ಲಾಡಬೇಡಿ" ಎಂದು ಗದರುತ್ತಾನೆ. ಮೊನ್ನೆ ತನಗೂ ಒಂದು ಬ್ರಷ್ ತಂದುಕೊಂಡ.