ಕೈಪಂಪು ಗುಜರಿಗೆ ಹೋಗುವ ಮುನ್ನ ಅಳೆದಿಡಿ

ಪ್ಲಾಸ್ಟಿಕ್ ಮಾಡೆಲ್ ಕಟ್ಟುವವರಲ್ಲಿ ಹೆಚ್ಚಿನವರಿಗೆ ಟ್ಯಾಂಕು, ವಿಮಾನಗಳ ಮೇಲೆ ಆಸೆ. ನನಗೆ ಮೊದಲಿನಿಂದಲೂ ಅವುಗಳ ಪಕ್ಕದಲ್ಲಿ ಬಿದ್ದಿರುವ ಡಬ್ಬ, ಪೆಟ್ಟಿಗೆ, ಹಗ್ಗದ ಸುರುಳಿ, ಏಣಿಗಳ ಮೇಲೆ. ಹಲಗೆಯ ಮೇಲೆ ಅಳತೆ ಪ್ರಕಾರ ಕಟ್ಟಿದ ಪುಟ್ಟ ದೃಶ್ಯಕ್ಕೆ ಡಯೋರಾಮಾ ಅನ್ನುತ್ತೇವೆ. ಅದು ಯಾವ ಊರು, ಯಾವ ಕಾಲ, ಜನ ಹೇಗೆ ಬದುಕುತ್ತಿದ್ದರು ಎಂದು ತಿಳಿಯುವುದು ಈ ಚಿಲ್ಲರೆ ಸಾಮಾನಿನಿಂದಲೇ. ಆದ್ದರಿಂದ ನಮ್ಮ ಹಳ್ಳಿಯ ದೃಶ್ಯ ಕಟ್ಟುವವರು ಡಬ್ಬಿಯಲ್ಲಿ ಬಂದ ಸಾಮಾನನ್ನು ತಂದಿಡಬಾರದು, ನಮ್ಮದನ್ನು ಅಳೆದು ತಾವೇ ಮಾಡಬೇಕು ಎಂಬುದು ನನ್ನ ಒತ್ತಾಯ.

ಡಬ್ಬಿಯಲ್ಲಿ ಬರುವುದು ಬಹುಪಾಲು ಎರಡನೇ ಮಹಾಯುದ್ಧದ ಯುರೋಪು. ಜಪಾನಿನ ಶಿಜುವೋಕಾದ ತಮಿಯಾ ಕಂಪನಿ 1960ರ ದಶಕದ ಆರಂಭದಲ್ಲಿ ಪ್ಯಾಂಥರ್ ಟ್ಯಾಂಕಿನ ಮಾಡೆಲ್ ತಂದಿತು. ಒಳಗೆ ಮೋಟಾರು, ಬ್ಯಾಟರಿ ಹಿಡಿಸಬೇಕಾಗಿದ್ದರಿಂದ ಅದರ ಗಾತ್ರ ನಿಜದ ಸುಮಾರು 35ನೇ ಒಂದು ಭಾಗಕ್ಕೆ ಬಂದು ನಿಂತಿತು. ಬೇರೆ ಕಂಪನಿಗಳೂ ಅದೇ ಅಳತೆ ಹಿಡಿದವು. ಸೈನಿಕರು, ಮರಳು ಚೀಲ, ಜೆರಿಕ್ಯಾನ್ ಎಲ್ಲ ಅದರ ಹಿಂದೆಯೇ ಬಂದವು. 1970ರ ದಶಕದಲ್ಲಿ ಅಮೆರಿಕದ ಶೆಪರ್ಡ್ ಪೇನ್ ಮಾನೊಗ್ರಾಂ ಕಂಪನಿಯ ಕಿಟ್‌ಗಳಿಗಾಗಿ ಡಯೋರಾಮಾ ಕಟ್ಟಿದರು. ಅವನ್ನು ಮಾಡುವ ಬಗೆ ವಿವರಿಸಿದ ಹಾಳೆ ಕಿಟ್‌ನ ಡಬ್ಬಿಯೊಳಗೇ ಬರುತ್ತಿತ್ತು.

ನಾನು ಟೂಲ್‌ರೂಮಿನಲ್ಲಿ ಅಚ್ಚು ಮಾಡಿ ಬದುಕಿದವನು. ಇಂಥ ಬಿಡಿಭಾಗಗಳಿಗೆ ಉಕ್ಕಿನ ಅಚ್ಚು ಕೊರೆಯಲು ಲಕ್ಷಗಟ್ಟಲೆ ಬೀಳುತ್ತದೆ. ಸೆಟ್ಟುಗಳು ಸಾವಿರಗಟ್ಟಲೆ ಹೋಗದಿದ್ದರೆ ಹಾಕಿದ ದುಡ್ಡು ಹುಟ್ಟುವುದಿಲ್ಲ. ಪಾವಗಡದ ಕೈಪಂಪಿಗೆ, ಅದರ ಮುಂದೆ ಪಾಳಿಗಿಟ್ಟ ಕೊಡಕ್ಕೆ ಯಾರೂ ಅಚ್ಚು ಕೊರೆಯುವುದಿಲ್ಲ.

ಹಾಗೆಂದು ಜೆರಿಕ್ಯಾನನ್ನು ನಾನು ಕಡೆಗಣಿಸುವುದಿಲ್ಲ. 1930ರ ದಶಕದಲ್ಲಿ ಜರ್ಮನ್ನರು ರೂಪಿಸಿದ ಈ 20 ಲೀಟರಿನ ಡಬ್ಬಕ್ಕೆ ಮೂರು ಹಿಡಿ. ತುಂಬಿದಾಗ ಇಬ್ಬರು ಹಿಡಿದು ಸಾಗಿಸಬಹುದು, ಖಾಲಿಯಾದಾಗ ಒಬ್ಬನೇ ಒಂದೇ ಕೈಯಲ್ಲಿ ಎರಡನ್ನು ಹಿಡಿಯಬಹುದು. ತಗಡಿನ ಎರಡು ಹೋಳು ಕೂಡಿಸಿ ನಡುವೆ ಸುತ್ತಲೂ ಬೆಸುಗೆ ಹಾಕಿರುತ್ತಾರೆ. ಮಾಡೆಲ್ ಕಟ್ಟುವವರಿಗೋ, ಎರಡು ಭಾಗ ಕೂಡಿದ ಗೆರೆ ಕಂಡರೆ ಪುಟ್ಟಿ ತುಂಬಿ ಉಜ್ಜಿ ಅಳಿಸುವ ಅಭ್ಯಾಸ. ಇಲ್ಲಿ ಹಾಗೆ ಮಾಡಿದರೆ ಬೆಸುಗೆಯೇ ಮಾಯ! ನಮ್ಮ ಪ್ಲಾಸ್ಟಿಕ್ ಕೊಡಕ್ಕೂ ಇದೇ ಮಾತು ಸಲ್ಲುತ್ತದೆ. ಅದನ್ನು ಬ್ಲೋ ಮೋಲ್ಡಿಂಗ್‌ನಲ್ಲಿ ಗಾಳಿ ಊದಿ ಮಾಡುತ್ತಾರೆ. ಅಚ್ಚಿನ ಹೋಳುಗಳು ಕೂಡುವಲ್ಲಿ ಕಂಠದಿಂದ ತಳದವರೆಗೆ ಎರಡೂ ಬದಿ ಸಣ್ಣ ಏಣು ಉಳಿಯುತ್ತದೆ. ಆ ಏಣು ಬಿಟ್ಟರೆ ನೋಡುವವರ ಕಣ್ಣಿಗೆ ಅದು ಬಣ್ಣ ಬಳಿದ ಸ್ಟೀಲ್ ಕೊಡ.

ಕೊಡದ ಎತ್ತರ 30 ಸೆಂಟಿಮೀಟರ್ ಇದ್ದರೆ 35ನೇ ಒಂದು ಭಾಗದ ಅದೇ ಅಳತೆಯಲ್ಲಿ ಸುಮಾರು ಎಂಟೂವರೆ ಮಿಲಿಮೀಟರ್. ಪಾಲಿಸ್ಟೈರೀನ್ ಹಾಳೆಯ ಚೂರುಗಳನ್ನು ಒಂದರ ಮೇಲೊಂದು ಅಂಟಿಸಿ, ಪೂರ್ತಿ ಒಣಗಲು ಬಿಟ್ಟು, ನಡುವೆ ಕಡ್ಡಿ ಸಿಕ್ಕಿಸಿ ಡ್ರಿಲ್ಲಿನ ಚಕ್‌ಗೆ ಹಿಡಿಸಬೇಕು. ನಿಧಾನವಾಗಿ ತಿರುಗಿಸುತ್ತ ಚಪ್ಪಟೆ ಅರದಲ್ಲಿ ಹೊಟ್ಟೆ, ದುಂಡು ಅರದಲ್ಲಿ ಕಂಠ ತೆಗೆಯಬೇಕು. ವೇಗ ಹೆಚ್ಚಿದರೆ ಪ್ಲಾಸ್ಟಿಕ್ ಕರಗಿ ಅರಕ್ಕೆ ಮೆತ್ತಿಕೊಳ್ಳುತ್ತದೆ. ಕಿಟ್‌ನ ಭಾಗಗಳು ಅಂಟಿಕೊಂಡು ಬರುವ ಕಡ್ಡಿಯನ್ನು ಮೇಣದಬತ್ತಿಯ ಉರಿಯ ಮೇಲೆ ಕಾಯಿಸಿ ಎಳೆದರೆ ಕೂದಲಿನಷ್ಟು ಸಣ್ಣ ಎಳೆ ಬರುತ್ತದೆ. ಬಾಯಿಯ ಸುತ್ತಿನ ಅಂಚಿಗೂ ಬದಿಯ ಏಣಿಗೂ ಅದೇ ಆಗುತ್ತದೆ. ಹಾಳೆ ಕೊಳ್ಳಲು ದುಡ್ಡಿಲ್ಲದ ಹುಡುಗರು ಬಿಸಾಡಿದ ಕಪ್ಪುಗಳ ತಳ ನೋಡಲಿ. ತ್ರಿಕೋನದೊಳಗೆ 6 ಎಂದಿದ್ದರೆ ಪಾಲಿಸ್ಟೈರೀನ್. ಮಾಡೆಲ್ ಅಂಟು ಅದರ ಮೈಯನ್ನೇ ಕರಗಿಸಿ ಬೆಸೆಯುತ್ತದೆ. 5 ಎಂದಿದ್ದರೆ ಪಾಲಿಪ್ರೊಪಿಲೀನ್, ಅದು ಈ ಅಂಟಿಗೆ ಹಿಡಿಯುವುದಿಲ್ಲ.

ಬಣ್ಣವನ್ನು ಒಂದೇ ಸಮ ಬಳಿಯಬೇಡಿ. ದಿನಗಟ್ಟಲೆ ಬಿಸಿಲಲ್ಲಿ ಪಾಳಿ ಕಾಯುವ ಕೊಡದ ಕೇಸರಿ ಒಂದು ಮಗ್ಗುಲಲ್ಲಿ ಬಿಳಿಚಿಕೊಂಡಿರುತ್ತದೆ. ಗುರುತಿಗೆಂದು ಭುಜದ ಮೇಲೆ ಮನೆಯವರ ಹೆಸರಿನ ಮೊದಲ ಅಕ್ಷರ ಬರೆದಿರುತ್ತಾರೆ. ಅದನ್ನು ಬರೆಯದೆ ನಾನು ಯಾವ ಕೊಡವನ್ನೂ ಹಲಗೆಗೆ ಇಳಿಸುವುದಿಲ್ಲ. ಅಲ್ಲಿ ನಿಂತಿದ್ದವರು ಲಕ್ಷ್ಮಮ್ಮನೋ ಲಲಿತಮ್ಮನೋ ಎಂದು ನೋಡುವವರು ಯೋಚಿಸಲಿ ಎಂಬುದೇ ನನ್ನ ಆಸೆ.

ಇನ್ನು ಪಂಪು. ನಮ್ಮ ಹಳ್ಳಿಗಳಲ್ಲಿ ಎಲ್ಲೆಲ್ಲೂ ಕಾಣುವ ಕೈಪಂಪಿಗೆ ಇಂಡಿಯಾ ಮಾರ್ಕ್ 2 ಎಂದು ಹೆಸರು. ಸೊಲ್ಲಾಪುರದ ಪಂಪನ್ನು ಆಧರಿಸಿ 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ರೂಪುಗೊಂಡ ಇದು ಆಫ್ರಿಕಾದ ಹಳ್ಳಿಗಳಿಗೂ ಹೋಗಿ ನೀರು ಕೊಟ್ಟಿತು. ಕಾಂಕ್ರೀಟಿನಲ್ಲಿ ಹೂತ ಕಾಲುಗಳು, ಮೇಲೆ ಮೂತಿಯಿರುವ ನೀರಿನ ತೊಟ್ಟಿ, ಅದರ ಮೇಲೆ ಪೆಟ್ಟಿಗೆಯಂಥ ತಲೆ, ತಲೆಯೊಳಗೆ ಹಿಡಿಗೂ ರಾಡಿಗೂ ಕೊಂಡಿಯಾಗಿ ಒಂದು ಚೈನು. ಹಿಡಿಯ ತುದಿ ಕೈತಾಗಿ ಹೊಳೆಯುತ್ತಿರುತ್ತದೆ, ಉಳಿದದ್ದು ತುಕ್ಕು. ಒಣನೆಲದ ಊರುಗಳನ್ನು ಬರಗಾಲದಲ್ಲಿ ಕಾಪಾಡಿದ ಇಂಥ ಯಂತ್ರಕ್ಕೆ ಯಾವ ಯುದ್ಧಟ್ಯಾಂಕಿಗಿಂತಲೂ ಹೆಚ್ಚಿನ ಗೌರವ ಸಲ್ಲಬೇಕು.

2019ರಲ್ಲಿ ಜಲಜೀವನ್ ಮಿಷನ್ ಶುರುವಾದ ಮೇಲೆ ಮನೆಮನೆಗೆ ನಲ್ಲಿ ಬರುತ್ತಿದೆ. ಬರಲೇಬೇಕು. ಸೊಂಟದ ಮೇಲೆ ಕೊಡ ಹೊತ್ತು ನಡೆದ ಹೆಂಗಸರನ್ನು ನೋಡುತ್ತ ಬೆಳೆದ ನನಗೆ ಅದರಲ್ಲಿ ಎರಡು ಮಾತಿಲ್ಲ. ಆದರೆ ಕೆಟ್ಟು ನಿಂತ ಪಂಪುಗಳು ಒಂದೊಂದಾಗಿ ಗುಜರಿ ಸೇರುತ್ತಿವೆ, ಅವುಗಳ ಸುತ್ತಲಿನ ಕಟ್ಟೆಯನ್ನೂ ಒಡೆದು ಹಾಕುತ್ತಾರೆ.

ಶಾಲೆಯ ಪ್ರಾಜೆಕ್ಟಿಗೆಂದು ಸ್ಟೇಷನರಿ ಅಂಗಡಿಯಿಂದ ರೆಡಿಮೇಡ್ ಥರ್ಮೋಕೋಲ್ ಮನೆ ತರಿಸುವ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ಮಕ್ಕಳ ಕೈಗೆ ಟೇಪು ಕೊಟ್ಟು ಊರಿನ ಪಂಪಿನ ಬಳಿ ಕರೆದೊಯ್ಯಿರಿ. ಕಾಲಿನ ಎತ್ತರ, ಹಿಡಿಯ ಉದ್ದ, ಮೂತಿಯ ಅಗಲ, ನೀರು ಹರಿದುಹೋಗುವ ಕಾಲುವೆಯ ಇಳಿಜಾರು, ಕೊಡ ಇಟ್ಟು ಇಟ್ಟು ಸವೆದ ಗುಳಿಯ ಆಳ, ಎಲ್ಲವನ್ನೂ ಬರೆಸಿರಿ. 35ರಿಂದ ಭಾಗಿಸುವ ಲೆಕ್ಕವನ್ನು ತರಗತಿಗೆ ಮರಳಿದ ಮೇಲೆ ಮಾಡಿಸಬಹುದು. ಪಂಚಾಯಿತಿಯವರು ಪಂಪು ಕೀಳುವ ಮೊದಲು ಶಾಲೆಗೆ ಒಂದು ಮಾತು ಹೇಳಿ ಕಳಿಸಿದರೆ ಸಾಕು.